ಬ್ರೆಡ್ಡಿನಲ್ಲಿ ಬೆರಣಿಯ ವಾಸನೆ

ಗುರುವಾರ ಸಂಜೆ ಚಿಕ್ಕಣ್ಣ ಬುಟ್ಟಿಯನ್ನು ತಲೆಯ ಮೇಲೆ ಹೊತ್ತುಕೊಂಡೇ ವಾಪಸು ಬಂದಾಗ ಗೋದಾ ಹಿತ್ತಲಲ್ಲಿ ಹಿಟ್ಟಿನ ಬಾನಿ ತೊಳೆಯುತ್ತಿದ್ದಳು. ಖಾಲಿ ಬುಟ್ಟಿಯನ್ನು ಯಾರೂ ತಲೆಯ ಮೇಲೆ ಹೊರುವುದಿಲ್ಲ, ಕಂಕುಳಲ್ಲಿ ಇರುಕಿಕೊಂಡು ಬರುತ್ತಾರೆ. ಅಷ್ಟು ನೋಡಿಯೇ ಅವಳ ಕೈ ನಿಂತಿತು.

ಚಿಕ್ಕಣ್ಣ ಸಕ್ಕರೆ ಕಾರ್ಖಾನೆಯ ಆಫೀಸರುಗಳ ಮೆಸ್ಸಿನಲ್ಲಿ ಬಟ್ಲರು. ಮೈಮೇಲೆ ಬಿಳೀ ಕೋಟು, ಕಾಲಲ್ಲಿ ಚಪ್ಪಲಿ ಇಲ್ಲ. ಬುಟ್ಟಿ ಇಳಿಸಿ ಬಟ್ಟೆ ಸರಿಸಿದ. ಮಧ್ಯಾಹ್ನ ಕಳಿಸಿದ ಬ್ರೆಡ್ಡೆಲ್ಲ ಒಂದೂ ಕಮ್ಮಿಯಾಗದೆ ಕೂತಿತ್ತು.

"ತಗಳವ್ವ, ನಿಮ್ದು ನಿಮಗೇ."

"ಯಾಕೆ, ಹಳಸಿತ್ತೇ?"

"ಅಳ್ಸಿದ್ರೆ ವಾಸಿಯಾಗಿತ್ತು. ಮೇನೇಜರ್ರು ಒಂದು ತುಂಡು ಮುರುದ್ರು, ಮೂಗ್ನತ್ರ ಇಡ್ಕಂಡ್ರು, ಆಮೇಲೆ ನನ್ ಮಕ ನೋಡುದ್ರು. 'ಏನಯ್ಯಾ, ಕೊಟ್ಟಿಗೆಗೆ ಬೆಂಕಿ ಬಿದ್ದಿತ್ತಾ? ಅದ್ರೊಳಗಿಂದ ಎತ್ಕೊಂಡು ಬಂದ್ಯಾ?' ಅಂದ್ರು. ಊಟಕ್ಕೆ ಕುಂತಿದ್ದೋರೆಲ್ಲ ಬಿದ್ದು ಬಿದ್ದು ನಕ್ರು. ಬ್ರೆಡ್ ಮಾಡ್ದೋರು ನೀವು, ನಗಿಸ್ಕಂಡೋನು ನಾನು."

ಗೋದಾಳ ಗಂಡ ಯೋಗಾನರಸಿಂಹ ಒಳಗಿನಿಂದ ಓಡಿ ಬಂದು ಒಂದನ್ನು ಮುರಿದು ಮೂಸಿದ. ಗೋದಾ ಮೂಸಿದಳು. ಒಲೆಗೆ ಬೆಂಕಿ ಹಾಕುವ ಮುದ್ದಯ್ಯನೂ ದೂರದಿಂದಲೇ ಮೂಗು ಅರಳಿಸಿದ. ಮೂವರಿಗೂ ಬ್ರೆಡ್ಡಿನ ವಾಸನೆ ಬಿಟ್ಟು ಬೇರೆ ಏನೂ ಗೊತ್ತಾಗಲಿಲ್ಲ.

"ನಂಗೂ ಗೊತ್ತಾಗ್ನಿಲ್ಲ ಬುಡಿ," ಎಂದ ಚಿಕ್ಕಣ್ಣ. "ಆದ್ರೆ ತಿನ್ನೋರು ನಾವಲ್ವಲ್ಲ. ನಾಳೀಕೆ ಕಡೇ ದಿನ. ಐದು ಗಂಟ್ಗೆ ಬತ್ತೀನಿ. ಚೆನ್ನಾಗಿದ್ರೆ ಒಯ್ತೀನಿ, ಇಲ್ದಿದ್ರೆ ಬೆಂಗ್ಳೂರಿಂದ ರೈಲ್ನಲ್ಲಿ ತರುಸ್ಕತಾರಂತೆ."

ಮೂರು ದಿನ ತಿಂದು ನೋಡುತ್ತೇವೆ, ಹಿಡಿಸಿದರೆ ದಿನಾ ಮೂವತ್ತು ಬ್ರೆಡ್ಡು ನಿಮ್ಮಿಂದಲೇ ಎಂದು ಮೆಸ್ಸಿನವರು ಹೇಳಿದ್ದರು. ಬುಧವಾರದ್ದು ಚೆನ್ನಾಗಿತ್ತು. ಗುರುವಾರದ್ದು ಹೀಗಾಯಿತು. ಉಳಿದದ್ದು ಶುಕ್ರವಾರ ಒಂದೇ.

ಶುಕ್ರವಾರ ಸಂಜೆಯ ಬಸ್ಸಿಗೆ ಮಳವಳ್ಳಿಯಿಂದ ರಾಮಾನುಜ ಬರುವವನಿದ್ದ. ಅವನು ಯೋಗಾನರಸಿಂಹನ ಅಣ್ಣ, ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರ. ಯೋಗಾನರಸಿಂಹ ಇಂಟರ್‌ಮೀಡಿಯೆಟ್ಟನ್ನು ಎರಡು ಸಲ ಕಟ್ಟಿ ಎರಡು ಸಲವೂ ಬಿಟ್ಟು, ಬೆಂಗಳೂರಿನ ಬೇಕರಿಯೊಂದರಲ್ಲಿ ವರ್ಷವಿದ್ದು ಕೆಲಸ ಕಲಿತು, ಮಂಡ್ಯದ ಮನೆಯ ಹಿತ್ತಲಲ್ಲಿ ಇಟ್ಟಿಗೆಯ ಒಲೆ ಕಟ್ಟಿಸಿದಾಗ ಅಣ್ಣ ಒಂದೇ ಮಾತು ಹೇಳಿದ್ದ: ಕಾರ್ಖಾನೆಯವರು ಒಪ್ಪಿದರೆ ಸರಿ, ಇಲ್ಲದಿದ್ದರೆ ನಮ್ಮ ಕಚೇರಿಯಲ್ಲಿ ನಕಲು ಗುಮಾಸ್ತೆಯ ಜಾಗ ಖಾಲಿಯಿದೆ, ಮನೆ ಖಾಲಿ ಮಾಡಿಕೊಂಡು ಎಲ್ಲರೂ ಮಳವಳ್ಳಿಗೆ ಬನ್ನಿ.

ಎಲ್ಲರೂ ಎಂದರೆ ಗೋದಾ ಕೂಡ. ಮದುವೆಯಾದ ಹೊಸದರಲ್ಲಿ ಅವಳು ಮೂರು ತಿಂಗಳು ಮಳವಳ್ಳಿಯಲ್ಲಿ ಇದ್ದಳು. ಓರಗಿತ್ತಿ ಚೂಡಾಮಣಿ ಕೆಟ್ಟವಳಲ್ಲ. ಆದರೆ ಆ ಅಡುಗೆಮನೆಯಲ್ಲಿ ಗೋದಾ ಒಂದು ತರಕಾರಿ ಹೆಚ್ಚುವ ಕೈ ಅಷ್ಟೇ. ಇಲ್ಲಿ ಹಾಗಲ್ಲ. ಗಂಡನಿಗೆ ಪುಸ್ತಕದ ಅಳತೆ ಗೊತ್ತು, ಹಿಟ್ಟು ಉಬ್ಬಿತೋ ಇಲ್ಲವೋ ಎನ್ನುವುದು ಗೋದಾಳ ಬೆರಳಿಗೆ ಗೊತ್ತು. "ಇನ್ನೂ ಅರ್ಧ ಗಂಟೆ" ಎಂದು ಅವಳು ಅಂದರೆ ಮನೆಯೇ ಅರ್ಧ ಗಂಟೆ ಕಾಯುತ್ತಿತ್ತು. ಇಪ್ಪತ್ತು ವರ್ಷದ ಬಾಳಿನಲ್ಲಿ ಅವಳ ಮಾತಿಗೆ ಯಾರಾದರೂ ಕಾದದ್ದು ಇದೇ ಮೊದಲು. ಅದನ್ನು ಬಿಟ್ಟು ಹೋಗಲು ಅವಳಿಗೆ ಮನಸ್ಸಿರಲಿಲ್ಲ.

"ಏನು ಸೌದೆ ಹಾಕಿದೆಯೋ ಮುದ್ದಯ್ಯ?" ಎಂದು ಯೋಗಾನರಸಿಂಹ ಕೂಗಾಡಿದ.

ಮುದ್ದಯ್ಯ ಕೊತ್ತತ್ತಿಯವನು, ಐವತ್ತು ದಾಟಿದ ಆಳು. ಆಲೆಮನೆಗಳಲ್ಲಿ ಬೆಲ್ಲದ ಒಲೆಗೆ ಬೆಂಕಿ ಹಾಕಿ ಹಾಕಿ ಅವನ ಹುಬ್ಬುಗಳು ಅರ್ಧ ಉದುರಿದ್ದವು. ಬೆಂಕಿಗೆ ಮೈಲಿಗೆ ಇಲ್ಲ, ಹಿಟ್ಟಿಗೆ ಉಂಟು ಎನ್ನುವ ಲೆಕ್ಕದಲ್ಲಿ ಈ ಮನೆಯಲ್ಲಿ ಒಲೆ ಅವನದು, ಹಿಟ್ಟಿನ ತಂಟೆಗೆ ಅವನು ಹೋಗುವ ಹಾಗಿಲ್ಲ.

"ನಾನೇನ್ ಅಸೀ ಸೌದೆ ಆಕಿದ್ನಾ ಸೋಮಿ? ಪಟ್ಟಲಮ್ಮ ತಂದಾಕಿದ್ದು, ನಾನು ಒಟ್ಟಿದ್ದು. ಅವಳ್ನೇ ಕೇಳಿ, ಅಗೋ ಬಂದ್ಲು."

ದುದ್ದದ ಪಟ್ಟಲಮ್ಮ ಮಾರನೆಯ ದಿನದ ಸೌದೆ ಇಳಿಸಲು ಗಾಡಿ ಹೊಡೆದುಕೊಂಡು ಹಿತ್ತಲ ಬಾಗಿಲಿಗೆ ಬಂದಿದ್ದಳು. ತನ್ನ ಹೆಸರು ಕಿವಿಗೆ ಬಿದ್ದದ್ದೇ ತಡ, ಗಾಡಿಯಿಂದ ಧುಮುಕಿದಳು.

"ಏನ್ಲಾ ಮುದ್ದ, ನನ್ ಸೌದೆ ಮ್ಯಾಗೆ ಆಕ್ತೀಯಾ? ಎಲ್ಡು ಬ್ಯಾಸ್ಗೆ ಒಣಗ್ಸಿರೋ ಜಾಲಿ ಕಣ್ಲಾ ಅದು! ನಿನ್ ಎಣ ಸುಡಾಕೂ ಅಂಥ ಸೌದೆ ಸಿಕ್ಕಾಕಿಲ್ಲ!"

"ನನ್ ಎಣದ್ ಮಾತು ಆಮೇಲೆ ಆಡು. ಬ್ರೆಡ್ಡು ಗಬ್ಬು ನಾರ್ತದಂತೆ."

"ನಾರೋದು ಸೌದೆನೋ ಒಲೆನೋ ತೋರುಸ್ತೀನಿ ತಡಿ."

ಅವಳು ಸೆರಗನ್ನು ಸೊಂಟಕ್ಕೆ ಬಿಗಿದು, ಬೋರಲು ಹಾಕಿದ ಹಂಡೆಯ ಹಾಗಿದ್ದ ಒಲೆಯ ಬಾಯಿಗೆ ಕೈ ತೂರಿಸಿ ಒಳಗೋಡೆಯನ್ನು ಉಗುರಿನಿಂದ ಕೆರೆದಳು. ಕಪ್ಪಗಿನ ಒಂದು ಹಕ್ಕಳೆ ಕೈಗೆ ಬಂತು. ಬೆಳಕಿಗೆ ಹಿಡಿದು ಪುಡಿ ಮಾಡಿದಳು. ಒಳಗಿನಿಂದ ಹುಲ್ಲಿನ ಎಳೆಗಳು ಉದುರಿದವು.

"ಸಗ್ಣಿ ಕಣ್ಲಾ! ಒಲೆ ಒಳೀಕೆಲ್ಲಾ ಸಗ್ಣಿ ಬಳ್ದವ್ರೆ! ಸೌದೆಗೆ ಬೈತಾನೆ, ದೊಡ್ ಮನ್ಸ!"

ಆಗ ಗೋದಾಳಿಗೆ ಬೆಳಗಿನ ರಂಗೋಲೆ ನೆನಪಾಯಿತು. ಎದ್ದು ಹಿತ್ತಲಿಗೆ ಬಂದಾಗ ಒಲೆಯ ಬಾಯಿಯ ಮುಂದೆ ಎಂಟು ಎಸಳಿನ ಪದ್ಮ ಇತ್ತು. ಅತ್ತೆಗೆ ಕೊನೆಗೂ ಒಲೆಯ ಮೇಲೆ ಮನಸ್ಸು ಬಂತಲ್ಲ ಎಂದು ಅವಳು ಸಂತೋಷಪಟ್ಟಿದ್ದಳು. ಸಾರಿಸದೆ ರಂಗೋಲೆ ಹಾಕುವುದಿಲ್ಲ ಎನ್ನುವುದು ಯೋಚನೆಗೆ ಬಂದಿರಲಿಲ್ಲ. ಯಾಕೆಂದರೆ ಅದು ಯೋಚಿಸುವ ವಿಷಯವೇ ಅಲ್ಲ.

ಅತ್ತೆ ತಿರುಮಲಮ್ಮ ನಡುಮನೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದರು. ಕೇಳಿದ್ದಕ್ಕೆ ಬತ್ತಿಯಿಂದ ಕಣ್ಣೆತ್ತದೆ ಹೇಳಿದರು: "ಬಳಿದೆ. ಸಾರಿಸದ ಒಲೆಗೆ ಬೆಂಕಿ ಹಾಕ್ತಾರೇನೇ? ಬುಧವಾರ ಸುಮ್ಮನಿದ್ದೆ. ಹತ್ತು ಜನ ತಿಂದು ಚೆನ್ನಾಗಿದೆ ಅಂದಮೇಲೆ ಅದೂ ಒಂದು ಒಲೆ ಅಂತ ಆಯ್ತು. ಒಲೆ ಅಂದಮೇಲೆ ಸಾರಿಸಬೇಕು. ಬಿದಿರಿಗೆ ಬಟ್ಟೆ ಕಟ್ಟಿ ಮೂಲೆಮೂಲೆಗೂ ಬಳಿದೆ. ನನ್ನ ಸೊಂಟ ಹಿಡಕೊಂಡಿದೆ, ಅದನ್ನ ಯಾರಾದರೂ ಕೇಳಿದಿರಾ?"

ಆ ಬೀದಿಯಲ್ಲಿ ದಿನ ಬೆಳಗಾದರೆ ಪ್ರತಿ ಮನೆಯ ಬಚ್ಚಲೊಲೆಯಲ್ಲೂ ಬೆರಣಿ ಉರಿಯುತ್ತದೆ. ಸೀರೆಯಲ್ಲಿ, ಕೂದಲಲ್ಲಿ, ಹಾಸಿಗೆಯಲ್ಲಿ ಅದೇ ವಾಸನೆ. ಮೀನಿಗೆ ನೀರಿನ ವಾಸನೆ ಗೊತ್ತಾದರೆ ಇವರಿಗೆ ಬ್ರೆಡ್ಡಿನಲ್ಲಿ ಬೆರಣಿಯ ವಾಸನೆ ಗೊತ್ತಾಗಬೇಕು.

ಯೋಗಾನರಸಿಂಹನಿಗೆ ಸುಮ್ಮನೆ ಕೂರುವ ಜಾಯಮಾನವಿರಲಿಲ್ಲ. ಹೊತ್ತು ಮುಳುಗುವ ಮುಂಚೆಯೇ ಒಂದು ಸೇರು ಸಾಂಬ್ರಾಣಿ ತಂದು ಒಲೆಯೊಳಗೆ ಕೆಂಡದ ಮೇಲೆ ಸುರಿದ. ಹೊಗೆ ಹಿತ್ತಲು ತುಂಬಿ ಪಕ್ಕದ ಮನೆಯವರು ಕೆಮ್ಮುತ್ತ ಹೊರಗೆ ಬಂದರು. ಹೊಗೆ ಕಳೆದ ಮೇಲೆ ಮುದ್ದಯ್ಯ ಒಲೆಯೊಳಗೆ ಮೂಗಿಟ್ಟು, "ಈಗ ದೇವಸ್ಥಾನದಲ್ಲಿ ದನ ಕಟ್ಟಾಕ್ದಂಗೆ ಆಯ್ತು ಸೋಮಿ," ಎಂದ.

"ಹಾಗಾದರೆ ಏನು ಮಾಡೋದೋ, ನೀನೇ ಹೇಳು."

"ಆಲೆಮನೇಲಿ ಪಾಕ ಉಕ್ಕಿ ಒಲೆಗೆ ಬಿದ್ರೆ ಬೆಲ್ಲಕ್ಕೆಲ್ಲಾ ಕರಕ್ಲು ವಾಸ್ನೆ ಒಡೀತದೆ. ಅದ್ಕೆ ಊದ್ಬತ್ತಿ ಅಚ್ತಾರಾ? ಬೆಂಕಿ ಮಾಡಿದ್ನ ಬೆಂಕಿಯೇ ತೆಗೀಬೇಕು. ಬಾಯಿ ತೆರ್ದು ಬುಟ್ಟು ಉರ್ಸೋದು. ಗೋಡೆ ಮೊದ್ಲು ಕಪ್ಪಾಯ್ತದೆ. ನಿಲ್ಸಬಾರ್ದು. ಮಸಿಯೆಲ್ಲಾ ಸುಟ್ಟು ಇಟ್ಟಿಗೆ ಬೆಳ್ಳಗೆ ಆಗೋಗಂಟ ಉರ್ಸಬೇಕು. ಆಮೇಕೆ ಕೆರ್ಯೋದು, ಒದ್ದೆ ಗೋಣೀಲಿ ಒರ್ಸೋದು, ಕಲ್ಲುಪ್ಪು ಎರಚೋದು. ಕಡೇಗೆ ರಾಗಿ ರೊಟ್ಟಿ ಒಂದು ಒಬ್ಬೆ ಬೇಯ್ಸಬೇಕು. ರಾಗಿ ವಾಸ್ನೆನ ಈರ್ಕತದೆ. ಅದ್ನ ತಿನ್ನಾಕಿಲ್ಲ, ದನಕ್ಕಾಕೋದು."

"ಆಗಲಿ," ಎಂದಳು ಗೋದಾ, ಗಂಡ ಬಾಯಿ ತೆರೆಯುವ ಮುಂಚೆ.

ಶುಕ್ರವಾರ ಏಕಾದಶಿ. ಬೆಳಕು ಹರಿಯುತ್ತಿದ್ದಂತೆ ಮುದ್ದಯ್ಯ ಒಲೆಯ ಹಲಸಿನ ಹಲಗೆಯ ಬಾಗಿಲನ್ನು ತೆಗೆದು ಗೋಡೆಗೆ ಒರಗಿಸಿ ಬೆಂಕಿ ಹಾಕಿದ. ಪಟ್ಟಲಮ್ಮನ ಜಾಲಿ ಸೌದೆ ತನ್ನ ಮರ್ಯಾದೆ ಉಳಿಸಿಕೊಳ್ಳುವಂತೆ ಉರಿಯಿತು. ಗೋದಾ ಎರಡು ದಿನದ ಹಿಂದೆ ಆಲೂಗಡ್ಡೆ ಬೇಯಿಸಿ ಹುಳಿಬರಿಸಿದ್ದ ಹುದುಗನ್ನು ಮೈದಾಕ್ಕೆ ಬೆರೆಸಿದಳು. ಗಂಡ ಹೆಂಡತಿ ಎದುರುಬದುರು ಕೂತು ನಾದಿದರು. ಹತ್ತು ಗಂಟೆಯ ಹೊತ್ತಿಗೆ ಮುದ್ದಯ್ಯ, "ಬೆಳ್ಳಗಾಯ್ತು, ಬನ್ನಿ ನೋಡಿ," ಎಂದು ಕೂಗಿದ. ಒಲೆಯ ಗುಮ್ಮಟದ ಮಸಿ ಪೂರಾ ಸುಟ್ಟುಹೋಗಿ ಇಟ್ಟಿಗೆಗಳು ಸುಣ್ಣ ಬಳಿದ ಹಾಗೆ ಕಾಣುತ್ತಿದ್ದವು. ಕೆಂಡ ಎಳೆದ, ಕೆರೆದ, ಒರೆಸಿದ, ಉಪ್ಪು ಎರಚಿ ಗುಡಿಸಿದ. ರಾಗಿ ರೊಟ್ಟಿ ಬೇಯಿಸಿ ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆಗೆ ಹಾಕಿದ. ಆಮೇಲೆ ಗೋದಾ ಒಂದೇ ಒಂದು ಸಣ್ಣ ಬ್ರೆಡ್ಡನ್ನು ಒಳಗಿಟ್ಟು ಬಾಗಿಲು ಮುಚ್ಚಿಸಿದಳು. ಬೆಂದ ಮೇಲೆ ಮೂವರೂ ಮೂಸಿದರು.

"ಏನೂ ಇಲ್ಲ," ಎಂದ ಯೋಗಾನರಸಿಂಹ.

"ನಿನ್ನೇನೂ ನಮಗೆ ಏನೂ ಇರಲಿಲ್ಲ," ಎಂದಳು ಗೋದಾ.

ಈ ಬೀದಿಯಲ್ಲಿ ಕೆಡದ ಮೂಗು ಎಲ್ಲಿಂದ ತರುವುದು? ಯೋಚಿಸಿದರೆ ಒಂದೇ ಇತ್ತು. ತಿರುಮಲಮ್ಮನವರ ಮೂಗು. ದೇವರಿಗೆ ಎಡೆಯಾಗುವ ಮುಂಚೆ ಅಡುಗೆಯ ರುಚಿ ನೋಡುವ ಹಾಗಿಲ್ಲ. ಹಾಗಾಗಿ ಮೂವತ್ತೈದು ವರ್ಷದಿಂದ ಅವರು ಉಪ್ಪು, ಹುಳಿ, ಖಾರವನ್ನೆಲ್ಲ ಪಾತ್ರೆಯಿಂದ ಏಳುವ ಹಬೆಯಲ್ಲೇ ತಿಳಿದುಕೊಳ್ಳುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾದದ್ದು ಗೋದಾಳಿಗೆ ನೆನಪಿರುವ ಮಟ್ಟಿಗೆ ಒಂದು ದಿನವೂ ಇಲ್ಲ. ಹಾಲು ಅಡಿಹಿಡಿಯುವ ಎರಡು ನಿಮಿಷ ಮುಂಚೆ ನಡುಮನೆಯಿಂದ ಕೂಗುತ್ತಿದ್ದರು.

"ಅವರು ಹೇಳೋದಿಲ್ಲ," ಎಂದ ಯೋಗಾನರಸಿಂಹ. "ಹೇಳಿದರೂ ನಂಬೋದು ಹೇಗೆ? ನಾನು ಗುಮಾಸ್ತೆಯಾಗಲಿ ಅಂತ ಅವರೇ ಹರಕೆ ಹೊತ್ತಿದ್ದಾರೆ."

"ಕೇಳೋದು ನಾನು ಕೇಳ್ತೀನಿ."

ತಿರುಮಲಮ್ಮ ಹಿತ್ತಲ ತುಳಸಿಕಟ್ಟೆಯ ಪಕ್ಕ ಮಣೆ ಹಾಕಿಕೊಂಡು ಜಪಕ್ಕೆ ಕೂತಿದ್ದರು. ಕೇಳಿದ ತಕ್ಷಣ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಆಘ್ರಾಣಂ ಅರ್ಧಭೋಜನಂ ಅಂತಾರೆ, ಕೇಳಿಲ್ಲವೇನೇ? ಮೂಸಿದರೆ ಅರ್ಧ ಉಂಡ ಹಾಗೆ. ಏಕಾದಶಿ ದಿನ ನನ್ನ ಕೈಲಿ ಹುಳಿಹಿಟ್ಟು ಉಣ್ಣಿಸ್ತೀಯಾ?"

"ಮತ್ತೆ ನೈವೇದ್ಯಕ್ಕೆ ಮುಂಚೆ ಸಾರಿನ ಉಪ್ಪು ಹೇಗೆ ಗೊತ್ತಾಗುತ್ತೆ ಅತ್ತೆ?"

"ಅದು ತಾನಾಗಿ ಬರೋ ಹಬೆ. ತಾನಾಗಿ ಬಂದದ್ದಕ್ಕೆ ದೋಷ ಇಲ್ಲ. ನಾನು ಮೂಗೊಡ್ಡಿದರೆ ದೋಷ."

"ಇದೂ ತಾನಾಗಿ ಬಂದರೆ?"

ತಿರುಮಲಮ್ಮ ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿದರು. "ಗಾಳಿಗೆ ನಾನು ಬೇಡ ಅನ್ನೋಕಾಗುತ್ತಾ?" ಎಂದು ಸೆರಗು ಇಳಿಸಿ ಕಣ್ಣು ಮುಚ್ಚಿಕೊಂಡರು.

ಗಾಳಿ ನಾಲೆಯ ಕಡೆಯಿಂದ ಬರುತ್ತಿತ್ತು, ಅದೂ ಸಣ್ಣಗೆ. ಯೋಗಾನರಸಿಂಹ ಹತ್ತು ಹೆಜ್ಜೆ ಆಚೆ ನಿಂತು ಬಿಸಿ ಬ್ರೆಡ್ಡನ್ನು ಎರಡಾಗಿ ಸೀಳಿ ಎತ್ತಿ ಹಿಡಿದ. ಗೋದಾ ಮೊರ ತಂದು ಅವನ ಹಿಂದಿನಿಂದ ಬೀಸಿದಳು. ಮುದ್ದಯ್ಯ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದ. ಅವನ ಬೆನ್ನು ಕುಲುಕುತ್ತಿತ್ತು.

ತಿರುಮಲಮ್ಮನವರ ತುಟಿ ನಾರಾಯಣ ನಾರಾಯಣ ಎನ್ನುತ್ತಿತ್ತು. ಮೂಗಿನ ಹೊಳ್ಳೆ ಮಾತ್ರ ಒಂದು ಸಲ ಅರಳಿತು.

"ಇದೆ," ಎಂದರು.

ಯೋಗಾನರಸಿಂಹನ ಮುಖ ಕೆಂಪಾಯಿತು. "ಇರುತ್ತೆ! ಇರದೆ ಏನು? ಅಣ್ಣ ಬಸ್ಸು ಹತ್ತಿಯಾಯಿತು. ನಿಮಗೆ ಬೇಕಾದ್ದೂ ಅದೇ ತಾನೇ?"

"ಬೇಕು," ಎಂದರು ತಿರುಮಲಮ್ಮ, ಕಣ್ಣು ಬಿಟ್ಟು. "ನೀನು ಶಾಲು ಹೊದ್ದು ಕಚೇರಿಗೆ ಹೋಗೋದು ನೋಡಬೇಕು ಅಂತ ನನಗೆ ಆಸೆ ಇದೆ. ಇಲ್ಲ ಅಂದರೆ ಸುಳ್ಳಾಗುತ್ತೆ. ಅದಕ್ಕೆ ಅಂತ ಮೂಗಿನ ಕೈಲಿ ಸುಳ್ಳು ಹೇಳಿಸಲೇನೋ? ಇಲ್ಲ ಅಂತ ಹೇಳಿ ಕಳಿಸಿದ್ದರೆ ನಿನ್ನ ಬುಟ್ಟಿ ಇವತ್ತೂ ವಾಪಸು ಬರ್ತಿತ್ತು, ನನ್ನ ಆಸೇನೂ ತೀರ್ತಿತ್ತು. ಅಷ್ಟು ಬುದ್ಧಿ ನನಗಿಲ್ಲವಾ?"

ಗೋದಾ ಮೊರ ಕೆಳಗಿಟ್ಟು ಅತ್ತೆಯ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕೂತಳು.

"ಎಂಥಾ ವಾಸನೆ ಅತ್ತೆ? ನಿನ್ನೆಯದೇ?"

"ಅಲ್ಲ. ಸುಟ್ಟ ಸಗಣಿ ಬೇರೆ, ಬೆಂದ ಸಗಣಿ ಬೇರೆ. ಒಲೆಯೊಳಗಿನದು ಸುಟ್ಟು ಬೂದಿಯಾಗಿದೆ, ಬೂದಿಗೆ ವಾಸನೆ ಎಲ್ಲಿಂದ ಬರಬೇಕು? ಇದು ಈಗ ಬೇಯ್ತಾ ಇರೋದು. ಹಸಿ ಇನ್ನೂ ಎಲ್ಲೋ ಇದೆ."

"ಒಳಗೆ ಒಂದು ಚೂರೂ ಇಲ್ಲ ಕಣ್ರವ್ವ," ಎಂದ ಮುದ್ದಯ್ಯ ದೂರದಿಂದ. "ನಾನೇ ಕೆರ್ದಿವ್ನಿ."

"ಬಾಗಿಲನ್ನೂ ಕೆರೆದೆಯಾ?"

"ಬಾಗ್ಲು ಯಾಕ್ರವ್ವ?"

"ಬಾಗಿಲು ಬಿಟ್ಟು ಬರೀ ಒಳಗೆ ಸಾರಿಸ್ತಾರೇನೋ? ಬಾಗಿಲ ಒಳಮೈಗೇ ಎರಡು ಕೈ ಜಾಸ್ತಿ ಬಳಿದಿದ್ದೆ."

ಎಲ್ಲರೂ ಬಾಗಿಲಿನ ಕಡೆ ತಿರುಗಿದರು. ಬೆಳಗಿನಿಂದ ಬೆಂಕಿಯೆಲ್ಲ ಉರಿದು ಮುಗಿಯುವ ತನಕ ಅದು ಹಾಯಾಗಿ ಗೋಡೆಗೆ ಒರಗಿಕೊಂಡಿತ್ತು. ಬ್ರೆಡ್ಡು ಬೇಯಿಸುವಾಗ ಮಾತ್ರ ಅದನ್ನು ನೀರಿನಲ್ಲಿ ನೆನೆಸಿ ಬಾಯಿಗೆ ಇಟ್ಟಿದ್ದರು. ಮುದ್ದಯ್ಯ ಅದನ್ನು ಅಡಿಮೇಲು ಮಾಡಿದ. ಬೆರಳಿನ ಗುರುತು ಸಮೇತ ಸಗಣಿ ಪದರ ಪದರವಾಗಿ ನೆನೆದು ಕೂತಿತ್ತು. ಹಲಸಿನ ಮರ ಎರಡು ದಿನದಿಂದ ಅದನ್ನು ಕುಡಿದಿತ್ತು. ಕೆರೆದರೂ ಹೋಗುವಂಥದ್ದಲ್ಲ.

"ಇಗಾ, ಕಳ್ಳ ಆಚೇಲಿ ನಿಂತವ್ನೆ, ನಾವು ಮನೆ ಒಳ್ಗೆ ಉಡುಕ್ತಾ ಇದೀವಿ," ಎಂದ ಮುದ್ದಯ್ಯ.

ಗಂಟೆ ಎರಡಾಗುತ್ತ ಬಂದಿತ್ತು. ಅಚ್ಚಿನ ಡಬ್ಬಿಗಳಲ್ಲಿ ಹಿಟ್ಟು ಅಂಚಿನವರೆಗೆ ಉಬ್ಬಿತ್ತು. ಬಡಗಿ ಹೊಸ ಹಲಗೆ ಕೊಯ್ದು ಕೊಡುವ ಹೊತ್ತಿಗೆ ಸಂಜೆಯಾಗುತ್ತದೆ, ಹಿಟ್ಟು ಕುಸಿಯುತ್ತದೆ. ಬಾಗಿಲಿಲ್ಲದ ಒಲೆಯಲ್ಲಿ ಬ್ರೆಡ್ಡು ಬೇಯುವುದಿಲ್ಲ.

"ಇನ್ನು ಎಷ್ಟು ಹೊತ್ತು ತಡೆಯುತ್ತೆ?" ಎಂದು ಯೋಗಾನರಸಿಂಹ ಹೆಂಡತಿಯನ್ನು ಕೇಳಿದ.

ಗೋದಾ ಒಂದು ಡಬ್ಬಿಯ ಹಿಟ್ಟಿಗೆ ಬೆರಳು ಒತ್ತಿದಳು. ಗುಳಿ ನಿಧಾನವಾಗಿ ತುಂಬಿಕೊಂಡಿತು. "ಕಾಲು ಗಂಟೆ. ಹೆಚ್ಚಿಲ್ಲ." ಹೇಳಿದವಳೇ ಸುತ್ತ ನೋಡಿ ಬಚ್ಚಲುಮನೆಗೆ ಓಡಿದಳು. ಬಂದಾಗ ನೀರಿನ ಹಂಡೆಯ ತಾಮ್ರದ ಮುಚ್ಚಳ ಎರಡು ಕೈಯಲ್ಲಿ ಇತ್ತು. ಒಲೆಯ ಬಾಯಿಗೆ ಹಿಡಿದು ನೋಡಿದರೆ ಸುತ್ತ ನಾಲ್ಕು ಬೆರಳು ಸಂದಿ ಉಳಿಯಿತು.

"ಮಣ್ ಮೆತ್ತಿದ್ರಾಯ್ತು," ಎಂದು ಮುದ್ದಯ್ಯ ಕೆಮ್ಮಣ್ಣು ತಂದು ನೀರು ಹಾಕಿ ತುಳಿದ. ತುಳಿಯುತ್ತ ತುಳಿಯುತ್ತ ಅವನ ಕೈ ತಾನಾಗಿ ಎಮ್ಮೆಯ ಹಿಂದಿನ ಗುಡ್ಡೆಯ ಕಡೆ ಚಾಚಿತು. ಹುಟ್ಟಿದಾರಭ್ಯ ಅವನು ಸಗಣಿ ಬೆರೆಸದೆ ಮಣ್ಣು ಕಲಸಿದವನಲ್ಲ.

"ಮುದ್ದಯ್ಯಾ!" ಎಂದು ಗಂಡ, ಹೆಂಡತಿ, ಅತ್ತೆ ಮೂವರೂ ಒಟ್ಟಿಗೆ ಕಿರುಚಿದರು. ಅವನು ಕೈಯನ್ನು ಬೆಂಕಿ ತಾಗಿದವನಂತೆ ಎಳೆದುಕೊಂಡ.

ಡಬ್ಬಿಗಳು ಒಳಗೆ ಹೋದವು. ಮುಚ್ಚಳ ಇಟ್ಟು ಮಣ್ಣು ಮೆತ್ತಿದ್ದಾಯಿತು. ಮುಕ್ಕಾಲು ಗಂಟೆಯ ನಂತರ ಒಡೆದು ತೆಗೆದಾಗ ಮೊದಲ ಬ್ರೆಡ್ಡನ್ನು ಯೋಗಾನರಸಿಂಹನೇ ಮೊರದ ಮುಂದೆ ಹಿಡಿದ. ಯಾರೂ ನಗಲಿಲ್ಲ. ತಿರುಮಲಮ್ಮ ಎರಡು ಸಲ ಉಸಿರೆಳೆದರು.

"ಗೋಧಿ," ಎಂದರು. "ಒಂದಿಷ್ಟು ಹುಳಿ. ತಳ ಸ್ವಲ್ಪ ಹೆಚ್ಚು ಕೆಂಪಾಗಿದೆ." ಕೊನೆಗೆ, "ಬೇರೇನೂ ಇಲ್ಲ," ಎಂದರು. ಆಮೇಲೆ ಅರ್ಧಭೋಜನದ ಪ್ರಾಯಶ್ಚಿತ್ತಕ್ಕೆ ತಣ್ಣೀರು ಸ್ನಾನ ಮಾಡಲು ಎದ್ದು ಹೋದರು.

ಚಿಕ್ಕಣ್ಣ ಐದಕ್ಕೆ ಬಂದು ಬುಟ್ಟಿ ಹೊತ್ತುಕೊಂಡು ಹೋದ. ಆರೂವರೆಗೆ ರಾಮಾನುಜ ಬಂದ. ಧೂಳು ಕೊಡವಿ, ಕೋಟಿನ ಜೇಬಿನಿಂದ ಅರ್ಜಿಯೊಂದನ್ನು ತೆಗೆದು ಜಗಲಿಯ ಮೇಲೆ ಹಾಸಿದ. ತಾನೇ ಚೆನ್ನಾಗಿ ಬರೆದಿದ್ದ, ತಮ್ಮನ ರುಜು ಒಂದು ಬಾಕಿ. ಮೆಸ್ಸಿನಿಂದ ಇನ್ನೂ ಸುದ್ದಿ ಬಂದಿಲ್ಲ ಎಂದದ್ದಕ್ಕೆ, "ಬರದಿರೋದೇ ಸುದ್ದಿ," ಎಂದು ಮಸಿಕುಡಿಕೆಯ ಬಿರಡೆ ತೆಗೆದ. ಯೋಗಾನರಸಿಂಹ ಬೀದಿಯ ತುದಿಯನ್ನೇ ನೋಡುತ್ತ ನಿಂತಿದ್ದ. ಗೋದಾ ಬಾಗಿಲ ಹಿಂದೆ ನಿಂತು ತನ್ನ ಬೆರಳ ಸಂದಿಯ ಒಣ ಹಿಟ್ಟನ್ನು ಕೆರೆಯುತ್ತಿದ್ದಳು.

ಚಿಕ್ಕಣ್ಣ ಬೀದಿಯ ತಿರುವಿನಲ್ಲಿ ಕಂಡ. ಬುಟ್ಟಿ ಕಂಕುಳಲ್ಲಿತ್ತು.

"ಏನಂದ್ರೋ?" ಎಂದು ಯೋಗಾನರಸಿಂಹ ಅಲ್ಲಿಂದಲೇ ಕೂಗಿದ.

"ಏನೂ ಅನ್ನಾಕೆ ಬಾಯಿ ಬುಡುವಿದ್ರೆ ತಾನೇ? ಮೇನೇಜರ್ರು ಎಲ್ಡು ತುಂಡು ತಿಂದು ಮೂರ್ನೇದ್ಕೆ ಕೈ ಆಕುದ್ರು. ನಾಳೆಯಿಂದ ಮೂವತ್ತು. ತಳ ಒಂಚೂರು ಕಮ್ಮಿ ಕೆಂಪಾಗ್ಲಿ ಅಂದ್ರು, ಅಷ್ಟೇಯಾ."

ಗೋದಾ ಅಲ್ಲಿ ನಿಲ್ಲಲಿಲ್ಲ. ಹಿತ್ತಲಿಗೆ ಹೋಗಿ ಬಾನಿಗೆ ಮೈದಾ ಸುರಿದು, ಗಂಡನನ್ನು ಕೂಗಿದಳು. ರಾಮಾನುಜ ಅರ್ಜಿಯನ್ನೂ ಲೇಖನಿಯನ್ನೂ ಹಿಡಿದುಕೊಂಡು ಹಿಂದೆಯೇ ಬಂದ.

"ಇದು ಎಷ್ಟು ದಿನದ ಆಟವೋ? ಸರ್ಕಾರಿ ಕೆಲಸ ಸೋಮವಾರದ ತನಕ ಮಾತ್ರ ಕಾಯುತ್ತೆ. ಒಂದು ರುಜು ಹಾಕಿಡು, ಹೋಗಲಿ."

ಯೋಗಾನರಸಿಂಹನ ಕೈ ಆಗಲೇ ಮೊಣಕೈವರೆಗೆ ಹಿಟ್ಟಿನೊಳಗೆ ಇತ್ತು. ಅವನು ಹೆಂಡತಿಯ ಮುಖ ನೋಡಿದ.

"ಈಗ ಕೈ ತೆಗೀಬೇಡಿ, ಗಂಟು ಕಟ್ಟುತ್ತೆ," ಎಂದಳು ಗೋದಾ.

ಹಿರಿಯ ಭಾವನ ಎದುರಿಗೆ ಅವಳು ಇಷ್ಟು ಗಟ್ಟಿಯಾಗಿ ಮಾತಾಡಿದ್ದು ಇದೇ ಮೊದಲು. ರಾಮಾನುಜ ತಾಯಿಯ ಕಡೆ ತಿರುಗಿದ. ತಿರುಮಲಮ್ಮ ಒದ್ದೆ ಕೂದಲಲ್ಲಿ ಹಿತ್ತಲ ಬಾಗಿಲ ಹೊಸ್ತಿಲ ಮೇಲೆ ಕೂತಿದ್ದರು.

"ನನ್ನನ್ನ ಏನು ನೋಡ್ತೀಯ?" ಎಂದರು. "ಹಿಟ್ಟಿನ ವಿಷಯದಲ್ಲಿ ಅವಳು ಹೇಳಿದ್ದೇ ಮಾತು. ಎಷ್ಟು ಹೊತ್ತು ಅಂತ ಅವಳನ್ನೇ ಕೇಳು."

ರಾಮಾನುಜ ತಮ್ಮನ ಹೆಂಡತಿಯನ್ನು ಕೇಳಲಿಲ್ಲ. ಆದರೆ ಲೇಖನಿ ಹಿಡಿದುಕೊಂಡು, ಬಾನಿಯ ಪಕ್ಕದಲ್ಲಿ ನಿಂತು ಕಾದ.